ಪಾಮ್ಫಿಲನಿಗೆ ಉಳಿದ ಮೂವತ್ತು ಪುಟ

ಗಂಡ ತೀರಿಕೊಂಡ ನಲವತ್ತನೆಯ ದಿನದ ದಾನದಲ್ಲಿ ಸಾಫ್ತಾ ಅವನ ಕೋಟು, ಬೂಟು ಎಲ್ಲವನ್ನೂ ಹಂಚಿದಳು. ಅವನು ಓದುತ್ತಿದ್ದ ಜಪಾನಿ ಪತ್ತೇದಾರಿ ಕಾದಂಬರಿಯನ್ನು ಮೇಣದಬತ್ತಿಯ ಸಮೇತ ಕೆಳಮನೆಯ ಟ್ರಿಫಾನನ ಕೈಗಿಟ್ಟಳು. ಟ್ರಿಫಾನ್ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು. ಪುಸ್ತಕವೆಂದರೆ ಮಾರು ದೂರ. ಆದರೂ ದಾನ ಪಡೆಯುವವರು ಹೇಳುವ ವಾಡಿಕೆಯಂತೆ "ದೇವರು ಅವರನ್ನ ಕ್ಷಮಿಸಲಿ" ಎಂದು ತೆಗೆದುಕೊಂಡ.

ಪಡೆದವರು ಬಳಸಿದರೇ ದಾನ ಸತ್ತವರಿಗೆ ತಲುಪುವುದು. ಬ್ರಯಿಲಾ ಊರಿನಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಕೋಟು ತೊಟ್ಟರು, ಬೂಟು ಮೆಟ್ಟಿದರು. ಪುಸ್ತಕ ಮಾತ್ರ ಮೂರು ವಾರವಾದರೂ ಟ್ರಿಫಾನನ ಫ್ರಿಜ್ಜಿನ ಮೇಲೆ ಬಿದ್ದಿತ್ತು.

ಗಂಡ ಪಾಮ್ಫಿಲ್ ತನ್ನ ಕೊನೆಯ ಚಳಿಗಾಲವನ್ನೆಲ್ಲ ಆ ಅನುವಾದಿತ ಕಾದಂಬರಿಯೊಳಗೇ ಕಳೆದಿದ್ದ. ಹಿಮ ಬೀಳುವ ಸಣ್ಣ ಸ್ಟೇಷನ್ನು, ಒಬ್ಬನೇ ಕೂತು ನೂಡಲ್ಸ್ ತಿನ್ನುವ ಇನ್‌ಸ್ಪೆಕ್ಟರು. "ಹೆಣ ಬಿದ್ದು ನೂರು ಪುಟ ಆಯ್ತು, ನಿಮ್ಮ ಇನ್‌ಸ್ಪೆಕ್ಟರ್ ಇನ್ನೂ ಹಿಮ ನೋಡ್ತಾ ಕೂತಿದಾನಲ್ರೀ!" ಎಂದು ಅವಳು ಛೇಡಿಸುತ್ತಿದ್ದಳು.

ಸಾಯುವ ಹಿಂದಿನ ಸಂಜೆ ಅವನು, "ಕಣ್ಣು ಕಾಣ್ತಿಲ್ಲ ಕಣೇ. ಇನ್ನು ಮೂವತ್ತು ಪುಟ, ನೀನೇ ಓದು" ಎಂದ. ಆರು ತಿಂಗಳು ಅವನನ್ನು ಎತ್ತಿ ಇಳಿಸಿ ಅವಳ ಸೊಂಟ ಬಿದ್ದುಹೋಗಿತ್ತು. "ನಾಳೆ ಓದ್ತೀನಿ, ಈಗ ಮಲ್ಕೊಳ್ಳಿ" ಎಂದಿದ್ದಳು. ಕೊಲೆಗಾರ ಯಾರೆಂದು ತಿಳಿಯದೆಯೇ ಮನುಷ್ಯ ಹೋಗಿಬಿಟ್ಟ. ಆ ಸಂಕಟ ಅವಳನ್ನು ಬಿಟ್ಟಿರಲಿಲ್ಲ.

ಭಾನುವಾರ ಊಟವಾದ ಮೇಲೆ ಕೆಳಗಿಳಿದು ಹೋದಳು.

"ಓದಿದ್ಯೇನೋ?"

"ಸುಳ್ಳ್ಯಾಕೆ ಹೇಳ್ಲಿ ಅಕ್ಕಾ, ನಾಲ್ಕು ಸಲ ಕೂತೆ. ಎಲ್ಲರ ಹೆಸರೂ ಒಂದೇ ಥರ. ಸತ್ತೋನ್ಯಾರು, ಕೊಂದೋನ್ಯಾರು, ಒಂದೂ ತಿಳೀಲಿಲ್ಲ."

"ಪೂರ್ತಿ ಬೇಡ ಮಾರಾಯ. ಅವರು ಗುರುತಿಗೆ ಟ್ರಾಮ್ ಚೀಟಿ ಇಟ್ಟಿರೋ ಕಡೆಯಿಂದ ಓದು. ಮುಂಚಿನದು ಅವರಿಗೆ ಗೊತ್ತಲ್ಲ."

"ಅಕ್ಷರ ಇರುವೆ ಸಾಲಿನಂಗಿದೆ. ನೀವೇ ಓದಿ, ನಾನು ಕೇಳ್ತೀನಿ. ಕೇಳಿದ್ರೂ ಬಳಸಿದಂಗೇ ಅಲ್ವಾ?"

ವಾದಿಸಲು ಅವಳಲ್ಲಿ ತ್ರಾಣವಿರಲಿಲ್ಲ. ಕುರ್ಚಿ ಎಳೆದು ಕೂತಳು. ಹೆಚ್ಚೆಂದರೆ ಒಂದು ಗಂಟೆಯ ಕೆಲಸ. ಅವತ್ತೇ ಓದಬಹುದಿತ್ತಲ್ಲ ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು. ಕನ್ನಡಕ ಒರೆಸಿಕೊಂಡು ಶುರು ಮಾಡಿದಳು. ಕಥೆಯಲ್ಲಿ ಹಿಮ ಇನ್ನೂ ನಿಂತಿರಲಿಲ್ಲ.

ಹತ್ತು ಪುಟ ದಾಟುವಷ್ಟರಲ್ಲಿ ಟ್ರಿಫಾನ್ ಗದ್ದ ಎದೆಗೆ ತಾಗಿಸಿ ಗೊರಕೆ ಹೊಡೆಯುತ್ತಿದ್ದ. ಸಾಫ್ತಾ ಒಂದು ಗಳಿಗೆ ಅವನನ್ನು ನೋಡಿದಳು. ಎಬ್ಬಿಸಲಿಲ್ಲ. ಪುಟ ಮಗುಚಿ, ದನಿ ಸ್ವಲ್ಪ ಏರಿಸಿ ಓದುತ್ತಾ ಹೋದಳು.