ಕ್ಲೆಮ್‌ನ ಕೋವಿಗೆ ಬೆರಿಲ್ ಮಾಡಿದ ಸುತ್ತಿಗೆ

ಕ್ಲೆಮ್‌ನ ಮುತ್ತಜ್ಜನ ಕೇಪಿನ ಕೋವಿಗೆ ಕೇಪು ಬಡಿಯುವ ಹೊಸ ಸುತ್ತಿಗೆ ಮಾಡಿಕೊಟ್ಟಾಗಿನಿಂದ ಬೆರಿಲ್‌ಗೆ ನೆಮ್ಮದಿ ಇರಲಿಲ್ಲ. ಕಾಸಲ್‌ಮೇನ್‌ನ ಮನೆಯ ಹಿಂದೆ ಹಳೆಯ ಕೋವಿಗಳ ಬಿಡಿಭಾಗ ಮಾಡುವ ತಗಡಿನ ಶೆಡ್ಡನ್ನು ಅಪ್ಪ ಅವಳ ಕೈಗೆ ಬಿಟ್ಟ ಮೇಲೆ ಇದೇ ಮೊದಲ ಕೆಲಸ. ಎರಡು ತುಂಡಾಗಿದ್ದ ಹಳೆಯದನ್ನು ಜೋಡಿಸಿಟ್ಟು ಅಳತೆ ತೆಗೆದು, ಉಕ್ಕನ್ನು ಯಂತ್ರದಲ್ಲಿ ಕಡೆದು, ಕೊನೆಯ ಅಂಚನ್ನು ಅರದಿಂದ ಉಜ್ಜಿ ತಂದಿದ್ದಳು. ಸುತ್ತಿಗೆಯ ಮೂತಿ, ಕಿಡಿ ಹಾರಿಸಿ ಮದ್ದು ಹೊತ್ತಿಸುವ ಪುಟ್ಟ ತಾಮ್ರದ ಟೋಪಿಯಾದ ಕೇಪಿನ ನಟ್ಟನಡುವೆ ಬೀಳಬೇಕು. ಕೊಂಚ ವಾಲಿದರೂ ಕೋವಿ ಹಾರುವುದಿಲ್ಲ. ಭಾನುವಾರ ಹಳೆಯ ಕೋವಿಗಳ ಕ್ಲಬ್ಬಿನವರ ಎದುರು ಹಾಗಾದರೆ, ಇನ್ನು ಬಿಡಿಭಾಗ ಬೇಕಾದವರೆಲ್ಲ ಅಡಿಲೇಡಿನ ಅಂಗಡಿಗಳ ಕಡೆಗೇ ಮುಖ ಮಾಡುತ್ತಾರೆ.

ಭಾನುವಾರ ಕ್ಲೆಮ್ ಗುರಿ ಹೊಡೆಯುವವರ ಸಾಲಿನಲ್ಲಿ ನಿಂತು, ಪಕ್ಕದ ನೋಲಾಗೆ ಸೊಸೆಯ ಕುರಿ ಕಾಯುವ ನಾಯಿಯ ಪುರಾಣ ಹೇಳುತ್ತಲೇ ಕೋವಿ ತುಂಬಿದ. ಗುರಿಯಿಟ್ಟ. ಕೇಪು ಚಟ್ ಎಂದಿತು, ಅಷ್ಟೇ. ನಳಿಗೆಯನ್ನು ಗುರಿಯತ್ತಲೇ ಹಿಡಿದು, ಕಾಯಬೇಕಾದಷ್ಟು ಕಾದು, ಇನ್ನೊಂದು ಕೇಪು ಹಾಕಿದ. ಮತ್ತೆ ಬರಿಯ ಚಟ್.

ನಿಮ್ಮಪ್ಪ ಮಾಡಿದ್ದರೆ ಹೀಗಾಗುತ್ತಿರಲಿಲ್ಲ ಎಂದ ಅವನು ಹಿಂದೆ ನಿಂತಿದ್ದ ಬೆರಿಲ್‌ಗೆ, ಎಲ್ಲರಿಗೂ ಕೇಳುವಂತೆ.

ಬೆರಿಲ್ ಹತ್ತಿರ ಹೋಗಿ, ಒಡೆದ ಕೇಪನ್ನು ಅಂಗೈಯಲ್ಲಿಟ್ಟು ನೋಡಿದಳು. ಪೆಟ್ಟು ನಡುವೆಯೇ ಬಿದ್ದಿತ್ತು, ಸುತ್ತಲೂ ಒಂದೇ ಸಮ. ಸಾಲದೆಂದು ಇನ್ನೊಂದನ್ನೂ ನೋಡಿದಳು.

"ಕ್ಲೆಮ್, ಮದ್ದು ಹಾಕಿದ್ಯಾ?"

"ನೀನು ಹುಟ್ಟೋಕೆ ಮುಂಚಿಂದ ಕೋವಿ ತುಂಬ್ತಿದೀನಿ ಕಣೇ ಹುಡುಗಿ."

"ನಾ ಕೇಳಿದ್ದು ಇವತ್ತಿಂದು."

ಕ್ಲೆಮ್ ಮದ್ದಿನ ಡಬ್ಬಿಯತ್ತ ತಿರುಗಿ ನೋಡಿದ.

"ನಾಯಿ ಹಳ್ಳಕ್ಕೆ ಬಿತ್ತು ಅನ್ನೋವಾಗ ಗುಂಡು ಗಿಡಿತಿದ್ದ," ಎಂದಳು ನೋಲಾ. "ಅದಕ್ಕೆ ಮುಂಚೆ ಮದ್ದು ಮುಟ್ಟಿದ್ದು ನಾನಂತೂ ಕಾಣೆನಮ್ಮ."

ಒಳಗೆ ಸಿಕ್ಕಿಕೊಂಡ ಗುಂಡನ್ನು ಹೊರಹಾಕಲು ಅವನು ಕೇಪು ಕೂರುವ ತೂತಿನಿಂದ ಚಿಟಿಕೆ ಮದ್ದು ಒಳಗಿಳಿಸಿ ಮತ್ತೆ ಹಾರಿಸಿದಾಗ ಕೋವಿ ಮುದುಕನಂತೆ ಕೆಮ್ಮಿತು. ಗುಂಡು ಹೊರಗುರುಳಿ ಹುಲ್ಲಿನಲ್ಲಿ ಬಿತ್ತು. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಮದ್ದು ಮರೆತವರು ಸಂಜೆಯವರೆಗೆ ಕೊರಳಿಗೆ ಬಾಣಲೆ ಕಟ್ಟಿಕೊಳ್ಳಬೇಕೆಂಬುದು ಅಲ್ಲಿನ ಪದ್ಧತಿ. ಕ್ಲೆಮ್ ತಾನೇ ಹೋಗಿ ತಂದುಕೊಂಡ.

ಮುಂದಿನ ಸಲ ಅವನು ತುಂಬುವಾಗ ಎಲ್ಲರೂ ಒಟ್ಟಿಗೆ "ಮದ್ದು" ಎಂದು ಕೂಗಿ ನೆನಪಿಸಿದರು. ಕೋವಿ ಗುಡುಗಿತು. ಹೊಗೆ ಸರಿದಾಗ ಗುರಿಹಲಗೆಯ ನಡುವಿಗೆ ಹತ್ತಿರದಲ್ಲೇ ತೂತು ಕಂಡಿತು.

ಬಾಣಲೆ ಓಲಾಡಿಸುತ್ತ ಬಂದು ಕ್ಲೆಮ್, ಬಾಯಿ ತಪ್ಪಿ ಅಂದುಬಿಟ್ಟೆ ಎಂದ. ಆಮೇಲೆ ಎಲ್ಲರಿಗೂ ಕೇಳುವಷ್ಟೇ ಜೋರಾಗಿ, "ಈ ಟ್ರಿಗರ್ರೂ ಸವೆದಿದೆ. ಮಾಡ್ಕೊಡ್ತೀಯಾ?" ಎಂದು ಕೇಳಿದ.

ಬೆರಿಲ್ ಉತ್ತರ ಕೊಡುವಷ್ಟರಲ್ಲಿ ನೋಲಾ ಅವನನ್ನು ಮೊಣಕೈಯಿಂದ ಸರಿಸಿ, ತನ್ನ ಕೆಟ್ಟುಹೋದ ಹಳೆಯ ಪಿಸ್ತೂಲನ್ನು ಮುಂದೆ ಚಾಚಿದ್ದಳು.