ಬಾಣಂತಿ ಕೋಣೆಗೆ ಮೂರು ವೀಳ್ಯ

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತು. ಮುಳಬಾಗಿಲಿನ ಸ್ಕೂಲ್ ಮೇಷ್ಟ್ರು ಸೀತಾರಾಮಯ್ಯನವರ ಮನೆಯ ಹಿಂದಿನ ಕೋಣೆಯಲ್ಲಿ ಚೇಳು ಕಾಣಿಸಿಕೊಂಡಿತು. ಅವರ ಹೆಂಡತಿ ತಿರುಮಲಮ್ಮ ಮಂಚವನ್ನು ಬಿಸಿಲಿಗೆ ಹಾಕೋಣವೆಂದು ಎತ್ತಿದಾಗ ಅದು ನೆಲದ ಬಿರುಕಿನಿಂದ ಹೊರಬಂದು, ಯಾರಿಗೂ ಏನೂ ಮಾಡದೆ ಇನ್ನೊಂದು ಬಿರುಕಿಗೆ ಹೋಯಿತು.

"ಇದೇ ಕೋಣೇಲಿ ಜಾನಕೀನ ಮಲಗಿಸ್ತೀರಾ? ಹಸುಗೂಸನ್ನ ಇಲ್ಲೇ ಚಾಪೆ ಮೇಲೆ ಹಾಕ್ತೀರಾ?" ಎಂದರು ತಿರುಮಲಮ್ಮ.

ಜಾನಕಿ ಒಬ್ಬಳೇ ಮಗಳು. ಮಾಲೂರಿಗೆ ಕೊಟ್ಟಿತ್ತು. ಚೊಚ್ಚಲ ಬಾಣಂತನಕ್ಕೆ ಇನ್ನೊಂದು ತಿಂಗಳಲ್ಲಿ ಬರುವವಳಿದ್ದಳು. ಅಷ್ಟರೊಳಗೆ ಆ ಮಣ್ಣಿನ ನೆಲ ಹೋಗಿ ಗಟ್ಟಿ ನೆಲ ಆಗಬೇಕು. ತಡವಾದರೆ ಆಗುವಂತೆಯೇ ಇಲ್ಲ. ಬಸುರಿ ಇರುವ ಮನೆಯಲ್ಲಿ ಗುದ್ದಲಿ ಹಾಕಬಾರದು. ಅಗೆದ ನೆಲ ಬಾಯಿ ಬಿಟ್ಟುಕೊಂಡಿರುವಾಗ ಬಸುರಿ ಹೊಸ್ತಿಲು ದಾಟಬಾರದು. ಇದನ್ನು ಆ ಬೀದಿಯಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಕೋಣೆ ಹತ್ತಡಿ ಉದ್ದ, ಎಂಟಡಿ ಅಗಲ. ಸಣ್ಣ ಕೆಲಸ. ಸೀತಾರಾಮಯ್ಯನವರು ನ್ಯಾಯವಾದ ಬೆಲೆ ತಿಳಿದುಕೊಂಡು ಮಾಡಿಸೋಣ ಎಂದುಕೊಂಡರು. ಕಷ್ಟ ಶುರುವಾದದ್ದೇ ಅಲ್ಲಿಂದ.

ಮೊದಲು ಬಂದವನು ನಂಗಲಿ ಕಡೆಯ ಕಲ್ಲಿನ ಕದಿರಪ್ಪ. ಹಿತ್ತಲ ಬಾಗಿಲಲ್ಲಿ ನಿಂತು ಕೋಣೆಯನ್ನು ಒಂದು ಸಲ ನೋಡಿದ. "ಎರಡಡಿ ಚಪ್ಪಡಿ ಸಾಮಿ, ಇಪ್ಪತ್ತು ಕಲ್ಲು. ಕಲ್ಲಿಗೆ ಆರಾಣೆ. ನಿಮ್ಮ ಮೊಮ್ಮಗನ ಮೊಮ್ಮಗ ಬಂದರೂ ಅಲ್ಲಾಡಾಕಿಲ್ಲ."

ಏಳೂವರೆ ರೂಪಾಯಿ! ಮೇಷ್ಟ್ರಿಗೆ ಸಂತೋಷವಾಯಿತು. ಆದರೂ ಒಬ್ಬನ ಮಾತು ಕೇಳಿ ಕೊಡುವುದು ಸರಿಯಲ್ಲವೆಂದು ಶ್ರೀನಿವಾಸಪುರಕ್ಕೆ ಹೇಳಿ ಕಳಿಸಿ ಗಾರೆ ಕೆಲಸದ ಸುಬ್ಬರಾಯಪ್ಪನನ್ನು ಕರೆಸಿದರು. ಮಾವಿನ ತೋಪಿನ ಧಣಿಗಳ ಮನೆಗಳಿಗೆಲ್ಲ ಅವನದೇ ನೆಲ, ಕನ್ನಡಿ ಹಾಗಿರುತ್ತದೆ ಎಂದು ಹೆಸರಿತ್ತು. ವಯಸ್ಸಾದವನು. ಕೋಣೆಯೊಳಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಅಂಗೈಯಿಂದ ನೆಲ ತಟ್ಟಿದ.

"ನನಗೆ ದಿನಕ್ಕೆ ಹನ್ನೆರಡಾಣೆ. ಹೆಣ್ಣಾಳಿಗೆ ನಾಲ್ಕಾಣೆ, ಇಬ್ಬರು. ಸುಣ್ಣದ ದುಡ್ಡು ನಿಮ್ದು, ಅದಕ್ಕೆ ಕಲಸೋ ಬೆಲ್ಲ ನಿಮ್ದು."

"ಒಟ್ಟು ಎಷ್ಟು ದಿನ ಸುಬ್ಬರಾಯಪ್ಪ?"

"ಅದು ನಾನು ಹೇಳೋದಾ? ನೆಲ ಹೇಳ್ಬೇಕು ಸಾಮಿ."

ನೆಲ ಏನು ಹೇಳಿತೋ ಮೇಷ್ಟ್ರಿಗೆ ಕೇಳಿಸಲಿಲ್ಲ. ಕೋಲಾರದಲ್ಲಿ ಹೊಸದಾಗಿ ಸಿಮೆಂಟಿನ ಕೆಲಸ ಮಾಡುವ ಮುನಿರಾಮಪ್ಪ ಎಂಬುವನಿದ್ದಾನೆಂದು ಯಾರೋ ಹೇಳಿದರು. ಅವನು ಬಸ್ಸಿನಲ್ಲಿ ಬಂದ. ತಲೆಗೆ ಟೋಪಿ, ಜೇಬಿನಲ್ಲಿ ಮಡಿಸುವ ಅಡಿಕೋಲು.

"ಚದರಕ್ಕೆ ಹದಿನಾರು ರೂಪಾಯಿ. ಎಲ್ಲಾ ನಂದೇ."

ಚದರವೆಂದರೆ ನೂರು ಚದರಡಿ. ಮೇಷ್ಟ್ರು ಮನಸ್ಸಿನಲ್ಲೇ ಭಾಗಾಕಾರ ಹಾಕಿದರು. "ನಮ್ಮದು ಎಂಬತ್ತಡಿ ಕಣಪ್ಪ. ಹನ್ನೆರಡು ರೂಪಾಯಿ ಹನ್ನೆರಡಾಣೆ ಚಿಲ್ಲರೆ ಆಗುತ್ತೆ."

"ಆಗಲ್ಲ ಸಾರ್. ಅರ್ಧ ದೋಸೆ ತಿಂತೀನಿ ಅಂದ್ರೆ ಹೆಂಚು ಅರ್ಧ ಕಾಯುತ್ತಾ? ಚದರ ಅಂದ್ರೆ ಚದರ."

ಮೂವರಿಗೂ ಸೀತಾರಾಮಯ್ಯನವರು ಒಂದೇ ಮಾತು ಹೇಳಿದರು: "ಅಮಾವಾಸ್ಯೆ ಆದ ಮೇಲಿನ ಸೋಮವಾರಕ್ಕೆ ನೋಡೋಣ." ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವರ ತಂದೆಯ ಕಾಲದಿಂದಲೂ ಇರಲಿಲ್ಲ. ಹೊರಡುವಾಗ ಮೂವರಿಗೂ ಎರಡೆಲೆ, ಒಂದಡಿಕೆ, ಬರಿ ಎಲೆ ಕೊಡಬಾರದೆಂದು ಮೇಲೊಂದು ಅರ್ಧಾಣೆ ಇಟ್ಟು ಎರಡೂ ಕೈಯಿಂದ ಕೊಟ್ಟರು. ಮೂವರೂ ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಹೋದರು.

ಇದೆಲ್ಲ ಆಗುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಶುಕ್ರವಾರ ಬರುತ್ತೇವೆಂದು ಮಾಲೂರಿನಿಂದ ಕಾಗದ ಬಂತು. ಮೇಷ್ಟ್ರು ರಾತ್ರಿ ಊಟವಾದ ಮೇಲೆ ಸ್ಲೇಟು ಹಿಡಿದು ಕೂರುತ್ತಿದ್ದರು. ಒಬ್ಬನದು ಕಲ್ಲಿನ ಲೆಕ್ಕ, ಒಬ್ಬನದು ದಿನದ ಲೆಕ್ಕ, ಒಬ್ಬನದು ಚದರದ ಲೆಕ್ಕ. ನಾಲ್ಕನೇ ಕ್ಲಾಸಿನ ಹುಡುಗರಿಗೆ ಸೇರನ್ನೂ ಮೊಳವನ್ನೂ ಕೂಡಿಸಬೇಡಿ ಎಂದು ಬೆತ್ತ ತೋರಿಸುತ್ತಿದ್ದವರು ತಾವೇ ಅದನ್ನು ಮಾಡುತ್ತಿದ್ದರು.

"ಯಾವುದು ಸಸ್ತಾ?" ತಿರುಮಲಮ್ಮ ಕೇಳುವರು.

"ಕಲ್ಲು ಸಸ್ತಾ. ಆದರೆ ಗಾರೆ ಎರಡೇ ದಿನದಲ್ಲಿ ಮುಗಿದರೆ ಗಾರೆ ಸಸ್ತಾ."

"ಮುಗಿಯುತ್ತಾ?"

"ನೆಲ ಹೇಳ್ಬೇಕಂತೆ."

"ಸರಿ, ನೀವು ನೆಲದ ಹತ್ರ ಮಾತಾಡ್ತಾ ಇರಿ. ನಾನು ಮಗೂನ ಚೇಳಿನ ಪಕ್ಕ ಮಲಗಿಸ್ತೀನಿ."

ಸೋಮವಾರ ಬೆಳಿಗ್ಗೆ ಮೇಷ್ಟ್ರು ಸಂಧ್ಯಾವಂದನೆ ಮುಗಿಸಿ ಏಳುವಾಗ ಹಿತ್ತಲಲ್ಲಿ ಗಾಡಿಯ ಸದ್ದಾಯಿತು. ಕದಿರಪ್ಪ ಇಪ್ಪತ್ತು ಚಪ್ಪಡಿ ಹೇರಿಕೊಂಡು ಬಂದಿದ್ದ. ಅವನು ಎತ್ತು ಬಿಚ್ಚುವುದಕ್ಕೆ ಮೊದಲೇ ಸುಬ್ಬರಾಯಪ್ಪ ಇಬ್ಬರು ಹೆಣ್ಣಾಳುಗಳನ್ನೂ ಸುಣ್ಣದ ಬುಟ್ಟಿಗಳನ್ನೂ ಕಟ್ಟಿಕೊಂಡು ಬಂದ. ಇನ್ನೂ ಸ್ವಲ್ಪ ಹೊತ್ತಿಗೆ ಮುನಿರಾಮಪ್ಪ, ಕೂಲಿಯವನ ತಲೆಯ ಮೇಲೆ ಸಿಮೆಂಟಿನ ಚೀಲ ಹೊರಿಸಿಕೊಂಡು.

"ಯಾರು ಬರಹೇಳಿದರು ನಿಮಗೆ?" ಎಂದರು ಮೇಷ್ಟ್ರು.

ಮೂವರೂ ಅವರ ಮುಖ ನೋಡಿದರು.

"ನೀವೇ ಸಾಮಿ," ಎಂದ ಕದಿರಪ್ಪ. "ವೀಳ್ಯ ಕೊಟ್ರಲ್ಲ, ಕಾಸಿಟ್ಟು."

"ನನಗೂ ಕೊಟ್ರು," ಎಂದ ಸುಬ್ಬರಾಯಪ್ಪ.

"ಏಮಯ್ಯಾ, ನನಗೆ ಕೊಟ್ಟಿದ್ದು ಏನು ಹುಲ್ಲಾ?" ಎಂದ ಮುನಿರಾಮಪ್ಪ.

ಆಗ ಸೀತಾರಾಮಯ್ಯನವರಿಗೆ ಕಾಲಿನ ಕೆಳಗಿನ ನೆಲವೇ ಸರಿದ ಹಾಗಾಯಿತು. ಅವರು ಕೊಟ್ಟದ್ದು ಮನೆಯ ಮರ್ಯಾದೆ. ಇವರು ತೆಗೆದುಕೊಂಡದ್ದು ಕೆಲಸದ ಒಪ್ಪಿಗೆ. ಕಾಸಿಟ್ಟು ಎಲೆ ಕೊಟ್ಟರೆ ಕಸುಬಿನವರಲ್ಲಿ ಮಾತು ಮುಗಿದ ಹಾಗೆ. ಆಮೇಲೆ ಬೇರೆಯವನನ್ನು ಕರೆಯುವುದೂ ಇಲ್ಲ, ಬೇರೆ ಕೆಲಸಕ್ಕೆ ಹೋಗುವುದೂ ಇಲ್ಲ. ದೇವಸ್ಥಾನದ ಜಗಲಿಯಲ್ಲಿ ನಲವತ್ತು ವರ್ಷ ಪುರಾಣ ಕೇಳಿದವರು ಅವರು. ತುಂಬಿದ ಸಭೆಯಲ್ಲಿ ರಾಜ ಎತ್ತಿ ಹಿಡಿದ ವೀಳ್ಯವನ್ನು ಒಬ್ಬ ವೀರ ಎದ್ದು ಬಂದು ತೆಗೆದುಕೊಳ್ಳುವ ಪದ್ಯ ಬಂದಾಗಲೆಲ್ಲ ಅವರ ಮೈ ನವಿರೇಳುತ್ತಿತ್ತು. ಅದು ತಮ್ಮ ಕೈಯಲ್ಲೇ, ತಮ್ಮ ಹಿತ್ತಲಲ್ಲೇ ನಡೆದಾಗ ಗೊತ್ತಾಗಲಿಲ್ಲ. ಇನ್ನು ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದು ಹೇಗೆ? ಯಾರನ್ನು ಕೇಳುವುದು?

ಅಷ್ಟರಲ್ಲಿ ಮೂವರೂ ಒಬ್ಬರ ಮೇಲೊಬ್ಬರು ಜಗಳಕ್ಕೆ ಬಿದ್ದರು.

"ಕಲ್ಲಿಗೆ ಆರಾಣೆ ಅಂದನಾ ಇವ್ನು? ಗಾಡಿ ಬಾಡಿಗೆ ಕೇಳಿದ್ರಾ ಸಾರ್? ಅಂಚು ಕೆತ್ತೋ ಕೂಲಿ ಕೇಳಿದ್ರಾ?" ಎಂದ ಮುನಿರಾಮಪ್ಪ. "ಕಲ್ಲು ತಾನಾಗೇ ನಡ್ಕೊಂಡು ಬಂದು ಮಲಗ್ಕೊಳ್ಳುತ್ತಾ?"

"ಮೂರು ಚೀಲದ ಸಿಮೆಂಟು ಹಿಡಿಯೋ ನೆಲಕ್ಕೆ ಒಂದು ಚೀಲ ತಂದವ್ನೆ ನೋಡಿ," ಎಂದ ಕದಿರಪ್ಪ. "ಮಿಕ್ಕಿದ್ದೆಲ್ಲ ಮರಳು. ಟೋಪಿ ಅವನಿಗಲ್ಲ ಸಾಮಿ, ನಿಮಗೆ."

"ಲೇ, ನೀನು ಬಾಯ್ಮುಚ್ಚು. ಈ ತಾತಂದು ಕೇಳು. ಬೆಲ್ಲ ನಿಮ್ದು ಅಂತಾನೆ. ಅರ್ಧ ಬೆಲ್ಲ ಗಾರೆಗೆ, ಅರ್ಧ ಬಾಯಿಗೆ!" ಎಂದ ಮುನಿರಾಮಪ್ಪ.

ಸುಬ್ಬರಾಯಪ್ಪ ನಕ್ಕ. "ಹಲ್ಲಿಲ್ಲ ಕಣೋ ನನಗೆ. ಕರಗಿಸ್ಕೊಂಡು ತಿಂತೀನಿ."

ಮೂರು ವಾರ ಸ್ಲೇಟಿನಲ್ಲಿ ಸಿಗದೆ ಇದ್ದದ್ದು ಅರ್ಧ ಗಂಟೆಯಲ್ಲಿ ಮೇಷ್ಟ್ರ ಕಿವಿಗೆ ಬಿತ್ತು. ಆದರೆ ಎಲ್ಲ ಒಟ್ಟಿಗೆ ಬಿದ್ದದ್ದರಿಂದ ಯಾವುದನ್ನು ಯಾವುದರಿಂದ ಕಳೆಯಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಕೋಣೆಯೊಳಗಿನಿಂದ ಧಡ್ ಧಡ್ ಎಂದು ಸದ್ದು ಬಂತು.

ಸುಬ್ಬರಾಯಪ್ಪನ ಹೆಣ್ಣಾಳು ದೊಡ್ಡಗಂಗಮ್ಮ ಗಂಡಸರ ಜಗಳಕ್ಕೆ ಕಾಯುವವಳಲ್ಲ. ಗುದ್ದಲಿ ಬಿದ್ದ ಮೇಲೆಯೇ ದಿನದ ಕೂಲಿ ಲೆಕ್ಕಕ್ಕೆ ಬರುವುದು. ಜೊತೆಯವಳನ್ನು ಕರೆದುಕೊಂಡು ಒಳಗೆ ಹೋದವಳು ಅರ್ಧ ಕೋಣೆ ಅಗೆದು ಹಾಕಿದ್ದಳು.

"ಅಯ್ಯಯ್ಯೋ, ನಿಲ್ಲಿಸಮ್ಮಾ!" ಎಂದು ತಿರುಮಲಮ್ಮ ಓಡಿದರು.

"ಯಾಕಮ್ಮಯ್ಯ? ಅಗೀಲೇಬೇಕಲ್ಲ. ಕಲ್ಲಾದ್ರೂ ಅಗೀಬೇಕು, ಸುಣ್ಣ ಆದ್ರೂ ಅಗೀಬೇಕು. ಮೇಲೆ ಏನು ಹಾಕ್ತೀರೋ ಅವರು ಕಿತ್ತಾಡ್ಕೊಳ್ಲಿ."

ತಿರುಮಲಮ್ಮ ಗುದ್ದಲಿಗೆ ಕೈ ಹಾಕುವಷ್ಟರಲ್ಲಿ ಬೀದಿ ಬಾಗಿಲಲ್ಲಿ ಜಟಕಾ ನಿಂತಿತು. ಅಳಿಯ ಇಳಿದು, ಕೈಹಿಡಿದು ಜಾನಕಿಯನ್ನು ಇಳಿಸಿದ.

"ಶುಕ್ರವಾರ ಅಂದಿದ್ರಲ್ಲಪ್ಪಾ!" ಎಂದರು ಮೇಷ್ಟ್ರು.

"ನಿನ್ನೆ ಸೂಲಗಿತ್ತಿ ನೋಡಿ, ಹೊಟ್ಟೆ ಇಳಿದಿದೆ, ಕಳಿಸೋದಾದ್ರೆ ಈಗಲೇ ಕಳಿಸಿ ಅಂದಳು ಮಾವ. ಕಾಗದ ಬರೆಯೋಕೂ ಹೊತ್ತಿರಲಿಲ್ಲ."

ಜಾನಕಿ ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ತಿರುಮಲಮ್ಮ ಬಾಗಿಲಿಗೆ ಅಡ್ಡ ನಿಂತರು. "ಅಲ್ಲೇ ನಿಲ್ಲು ತಾಯಿ. ಒಳಗೆ ಕಾಲಿಡಬೇಡ."

"ಯಾಕಮ್ಮಾ?"

"ನೆಲ ಅಗೆದಿದೆ."

ಅಳಿಯ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದ. ಎದುರು ಮನೆಯ ಅನಸೂಯಮ್ಮ ಓಡಿ ಬಂದು ಜಾನಕಿಯನ್ನು ತಮ್ಮ ಜಗಲಿಗೆ ಕರೆದುಕೊಂಡು ಹೋಗಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. "ಇಲ್ಲೇ ಇರ್ಲಿ, ಎಷ್ಟು ಹೊತ್ತಾದ್ರೂ," ಎಂದರು. ಆದರೆ ಆ ಜಗಲಿಯಲ್ಲಿ ರಾತ್ರಿ ಕಳೆಯುವಂತಿರಲಿಲ್ಲ, ಹೆರಿಗೆಯಂತೂ ಪರರ ಮನೆಯಲ್ಲಿ ಆಗುವಂತಿರಲಿಲ್ಲ. ಅದನ್ನು ಅನಸೂಯಮ್ಮನೂ ಬಲ್ಲರು.

ಸೀತಾರಾಮಯ್ಯನವರು ಹಿತ್ತಲಿಗೆ ಬಂದರು. ಜಗಳ ಇನ್ನೂ ನಡೆದೇ ಇತ್ತು. ಅವರ ಬಾಯಿಂದ ಬಂದದ್ದು ಇಷ್ಟೇ: "ಮಗಳು ಬಂದುಬಿಟ್ಟಳು. ದಿನ ತುಂಬಿದ ಬಸುರಿ. ಆಚೆ ಕೂತಿದ್ದಾಳೆ."

ಜಗಳ ಅಲ್ಲಿಗೆ ನಿಂತಿತು. ಸುಬ್ಬರಾಯಪ್ಪ ನಿಧಾನವಾಗಿ ಕೇಳಿದ: "ಇದು ಬಾಣಂತಿ ಕೋಣೇನಾ ಸಾಮಿ?"

"ಹೌದಪ್ಪ."

"ಬಂದವತ್ತು ಹೇಳ್ಲಿಲ್ಲವಲ್ಲ?"

ಹೇಳಿರಲಿಲ್ಲ. ಬೆಲೆ ಕೇಳಿದ್ದರು, ಅಳತೆ ಕೊಟ್ಟಿದ್ದರು. ಯಾತಕ್ಕೆಂದು ಅವರೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

"ನಂದು ಒಣಗೋಕೆ ಹದಿನೈದು ದಿನ ಬೇಕು," ಎಂದ ಸುಬ್ಬರಾಯಪ್ಪ. "ಹೇಳಿದ್ರೆ ಅವತ್ತೇ ಕೈಮುಗಿದು ಹೋಗ್ತಿದ್ದೆ."

"ನಂದು ವಾರ ನೀರು ನಿಲ್ಲಿಸ್ಬೇಕು," ಎಂದ ಮುನಿರಾಮಪ್ಪ, ಟೋಪಿ ತೆಗೆದು.

ಕದಿರಪ್ಪ ಆಗಲೇ ಗಾಡಿಯಿಂದ ಮೊದಲ ಚಪ್ಪಡಿ ಜಾರಿಸುತ್ತಿದ್ದ. ಒಬ್ಬನ ಕೈಗೆ ಅದು ಬಗ್ಗಲಿಲ್ಲ. "ಏನ್ಲಾ ಕೋಲಾರದೋನೇ, ನೋಡ್ತಾ ನಿಂತ್ಕೊಂಡೆ? ಆ ಕಡೆ ಹಿಡಿ."

ಮುನಿರಾಮಪ್ಪ ಹಿಡಿದ.

ಆಮೇಲೆ ಏನು ನಡೆಯಿತೆಂದು ಮೇಷ್ಟ್ರಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ದೊಡ್ಡಗಂಗಮ್ಮ ಮಿಕ್ಕ ನೆಲ ಅಗೆದು, ನೀರು ಚಿಮುಕಿಸಿ ದಿಮ್ಮಿಸಿ ಗಟ್ಟಿ ಮಾಡಿದಳು. ಬಿಲಗಳಿಗೆಲ್ಲ ಕಲ್ಲುಚೂರು ತುರುಕಿದಳು. ಚೇಳು ಸಿಕ್ಕಿತು, ಅದನ್ನು ಹಾರೆಯ ತುದಿಯಲ್ಲಿ ಎತ್ತಿ ಬೇಲಿಯಾಚೆ ಎಸೆದಳು. ಸುಬ್ಬರಾಯಪ್ಪ ಕಲ್ಲಿನ ಕೆಳಗೆ ತೆಳ್ಳಗೆ ಗಾರೆ ಹಾಸುತ್ತ ಹೋದ, ಅದರ ಮೇಲೆ ಉಳಿದಿಬ್ಬರೂ ಚಪ್ಪಡಿ ಇಳಿಸುತ್ತ ಹೋದರು. ಸಂದಿಗೆ ಮುನಿರಾಮಪ್ಪ ತನ್ನ ಸಿಮೆಂಟನ್ನು ತುಂಬಿದ. ಯಾರ ಕೆಲಸ ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಯಿತೋ ದೇವರಿಗೇ ಗೊತ್ತು. ನಡುವೆ ಎರಡು ಸಲ ಎದುರು ಜಗಲಿಯಿಂದ ಜಾನಕಿ "ಅಮ್ಮಾ" ಎಂದಾಗ ಎಲ್ಲರ ಕೈಯೂ ನಿಂತಿತು. ಏನೂ ಇಲ್ಲ, ಸೊಂಟ ಹಿಡಿದಿದೆ ಎಂದು ಅನಸೂಯಮ್ಮ ಕೂಗಿ ಹೇಳಿದ ಮೇಲೆ ಮತ್ತೆ ಶುರುವಾಯಿತು.

ದೀಪ ಹಚ್ಚುವ ಹೊತ್ತಿಗೆ ಇಪ್ಪತ್ತನೆಯ ಕಲ್ಲು ಕೂತಿತು. ಸಂದಿಗಳು ಹಸಿಯಾಗಿದ್ದವು, ಕಲ್ಲು ಗಟ್ಟಿಯಾಗಿತ್ತು. ನೆಲದ ಬಾಯಿ ಮುಚ್ಚಿತ್ತು. ತಿರುಮಲಮ್ಮ ಕೋಣೆಯ ಹೊಸ್ತಿಲಿಗೆ ಅರಿಸಿನ ಹಚ್ಚಿ ಮಗಳನ್ನು ಕರೆತರಲು ಹೋದರು.

ಮೇಷ್ಟ್ರು ದುಡ್ಡಿನ ಚೀಲ ಹಿಡಿದು ಹಿತ್ತಲಿಗೆ ಬಂದರು. "ಎಷ್ಟಾಯಿತಪ್ಪಾ?"

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಕಲ್ಲಿನ ಲೆಕ್ಕವೋ, ದಿನದ್ದೋ, ಚದರದ್ದೋ ಅವರಿಗೂ ತಿಳಿಯಲಿಲ್ಲ. ಬಾವಿಕಟ್ಟೆಯ ಹತ್ತಿರ ಹೋಗಿ ಕೈ ತೊಳೆಯುತ್ತ ಬಹಳ ಹೊತ್ತು ತೆಲುಗಿನಲ್ಲಿ ಗುಸುಗುಸು ಮಾಡಿದರು. ದೊಡ್ಡಗಂಗಮ್ಮ ನಡುವೆ ಬಾಯಿ ಹಾಕಿ ಮೂವರನ್ನೂ ಬೈದಳು. ಕೊನೆಗೆ ಸುಬ್ಬರಾಯಪ್ಪ ಬಂದು, "ಒಬ್ಬೊಬ್ಬರಿಗೆ ಐದೈದು ಕೊಡಿ ಸಾಮಿ. ಈ ಹೆಂಗಸರಿಗೆ ಬೇರೆ," ಎಂದ.

ಕೊಟ್ಟರು. ಗಾಡಿ ಹೊರಟಿತು.

ತಿರುಮಲಮ್ಮ ಒಳಗಿನಿಂದ ಬಂದು ಪಿಸುದನಿಯಲ್ಲಿ ಕೇಳಿದರು: "ಏನೂಂದ್ರೆ, ಜಾಸ್ತಿ ಆಯ್ತಾ, ಕಮ್ಮಿ ಆಯ್ತಾ?"

"ಗೊತ್ತಾಗ್ಲಿಲ್ಲ ಕಣೇ," ಎಂದರು ಸೀತಾರಾಮಯ್ಯನವರು.

ಕೋಣೆಯೊಳಗೆ ಜಾನಕಿ ಮಂಚಕ್ಕೆ ಹೋಗದೆ ಚಪ್ಪಡಿಯ ಮೇಲೆಯೇ ಕಾಲು ಚಾಚಿ ಕೂತಿದ್ದಳು. "ಇಲ್ಲೇ ಇರ್ತೀನಮ್ಮಾ ಸ್ವಲ್ಪ ಹೊತ್ತು," ಎಂದಳು. "ತಣ್ಣಗಿದೆ."