ಬೇಲಿಯಲ್ಲಿ ಇಲ್ಲದ ಹೂವು

"ಆ ಕತ್ತರಿ ಇಲ್ಲಿ ಕೊಡಿ ಚಿಕ್ಕಮ್ಮ, ನಾನೇ ಕೊಯ್ದು ತರ್ತೀನಿ," ಎನ್ನುತ್ತ ತಂಗಿ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಳು.

"ನಡಿ, ಇಬ್ರೂ ಹೋಗೋಣ. ಅವಳ ಮೈಮೇಲೆ ಅವಳ ಬೇಲಿ ಹೂವೇ ಇರಬೇಕು," ಎಂದರು, ದೂರದೂರಿಂದ ಆಗಷ್ಟೇ ಬಂದಿಳಿದ ಚಿಕ್ಕಮ್ಮ.

"ಬಿಸಿಲಿದೆ, ನೀವು ಕೂತ್ಕೊಳ್ಳಿ."

ನಡುಮನೆಯಲ್ಲಿ ಅಕ್ಕ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಅತ್ತ ಮುಖ ಮಾಡಲೂ ತಂಗಿಗೆ ಧೈರ್ಯವಿರಲಿಲ್ಲ. ಕೊಯ್ಯಲು ಬೇಲಿಯಲ್ಲಿ ಒಂದೆಲೆಯಾದರೂ ಇದ್ದರೆ ತಾನೇ!

*

ಅಕ್ಕ ಟೈಲರ್. ಹಿತ್ತಿಲ ಬೇಲಿಗೆ ಹಬ್ಬಿಸಿದ ಸ್ವೀಟ್ ಪೀ ಎಂಬ ಹೂಬಳ್ಳಿಯ ಕಾಯಿಗಳು ಒಣಗಿ ಸಿಡಿದು ಬೀಜ ಚೆಲ್ಲದಿರಲೆಂದು ಚಿಂದಿಬಟ್ಟೆಯಲ್ಲಿ ಪುಟ್ಟ ಚೀಲ ಹೊಲಿದು ಬಳ್ಳಿಗೆ ತೊಡಿಸುವಳು. "ಬಳ್ಳಿಗೂ ಚಡ್ಡಿ ಹೊಲಿದ ಪುಣ್ಯಾತ್ಗಿತ್ತಿ," ಎಂದು ಬೀದಿಯವರು ನಗುತ್ತಿದ್ದರು. ನಕ್ಕವರ ಕೈಗೂ ನಾಲ್ಕು ಬೀಜ ಹಾಕಿ, "ಸಿಪ್ಪೆ ಗಟ್ಟಿ, ಸ್ವಲ್ಪ ಉಜ್ಜಿ ನೆನೆಹಾಕಿ. ಮೊದಲ ವರ್ಷ ಹೂ ಬಿಡಲ್ಲ, ನನ್ನ ಬೈಬೇಡಿ," ಎನ್ನುವಳು.

ಅಕ್ಕ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಬಂದ ತಂಗಿ, ಚಳಿಗೆ ಒಣಗಿ ನಿಂತ ಬಳ್ಳಿ ಸತ್ತೇಹೋಯಿತೆಂದು ಬೇರುಸಮೇತ ಅಗೆದು ಸುಟ್ಟಳು. ಅದು ವರ್ಷವರ್ಷವೂ ಬೇರಿನಿಂದಲೇ ಮತ್ತೆ ಏಳುತ್ತದೆಂದು ಗೊತ್ತಾದದ್ದು, ಚಳಿ ಕಳೆದ ಮೇಲೆ ಅಕ್ಕ, "ಚಿಗುರಿತೇನೇ?" ಎಂದು ಕೇಳಿದಾಗ.

"ಹ್ಞೂಂ ಅಕ್ಕ," ಎಂದುಬಿಟ್ಟಳು.

ಆಮೇಲೆ ಅಕ್ಕ ದಿನವೂ ಕೇಳಿದಳು, ತಂಗಿ ದಿನವೂ ಇಲ್ಲದ ಬಳ್ಳಿಯನ್ನು ಬಾಯಲ್ಲೇ ಬೆಳೆಸಿದಳು: ಮೊಣಕಾಲುದ್ದ, ಸೊಂಟದುದ್ದ, ಮೊಗ್ಗು. ಅಕ್ಕ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದಳು. ಆ ಮುಚ್ಚಿದ ಕಣ್ಣು ನೋಡಿದಾಗಲೆಲ್ಲ ತಂಗಿ ಬಳ್ಳಿಗೆ ಇನ್ನೊಂದು ಚಿಗುರು ಸೇರಿಸುವಳು.

*

ತಂಗಿ ಹಿತ್ತಿಲ ಬಾಗಿಲಿಗೆ ಅಡ್ಡ ನಿಂತಿರುವಾಗಲೇ ಮುಂಬಾಗಿಲಿಂದ ಬೀದಿಯ ಜನ ಒಳಬಂದರು. ಬೇಕರಿಯವಳು, ಕ್ಷೌರಿಕ, ಎದುರುಮನೆ ಅಜ್ಜಿ, ಎಲ್ಲರ ಕೈಯಲ್ಲೂ ಒಂದೊಂದು ಹಿಡಿ ಗುಲಾಬಿ ಬಣ್ಣದ ಸ್ವೀಟ್ ಪೀ.

"ಅಯ್ಯೋ, ಹಿತ್ತಿಲಲ್ಲೇ ಇರುವಾಗ ನೀವ್ಯಾಕೆ ತರೋಕೆ ಹೋದ್ರಿ?" ಎಂದರು ಚಿಕ್ಕಮ್ಮ.

ಬೇಕರಿಯವಳು ತಂಗಿಯನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದಳು. "ನಿಮ್ಮಕ್ಕನೇ ಹೇಳಿದ್ರು. 'ನಾನು ಹೋದ ದಿನ ನಿಮ್ಮ ನಿಮ್ಮ ಬೇಲಿಯಿಂದ ಹೂ ತನ್ನಿ, ನನ್ನ ತಂಗಿನ ಏನೂ ಕೇಳಬೇಡಿ' ಅಂತ."

ತಂಗಿ ಬೇಕರಿಯವಳ ತೋಳು ಹಿಡಿದಳು. "ಅವಳಿಗೆ ಗೊತ್ತಿತ್ತಾ?"

"ಸುಟ್ಟ ದಿನವೇ. ಹೊಗೆ ಕಿಟಕಿಯೊಳಗೇ ಬಂತಂತೆ."

"ಮತ್ತೆ ದಿನಾ ಯಾಕೆ ಕೇಳ್ತಿದ್ಲು?"

ಬೇಕರಿಯವಳು ಹೋಗಿ ತನ್ನ ಹಿಡಿ ಹೂ ಅಕ್ಕನ ಎದೆಯ ಮೇಲಿಟ್ಟಳು.

ಉಳಿದವರೂ ಹೂ ಇಟ್ಟು ಸರಿದರು. ಹೂವು ಅಕ್ಕನ ಗದ್ದ ದಾಟಿ ಕಿವಿಯವರೆಗೂ ಬಂದಿತ್ತು. ಪೆಟ್ಟಿಗೆ ಮುಚ್ಚಲು ಬಂದವರು ಮುಚ್ಚಳ ಎತ್ತಿ ಹಿಡಿದು ಕಾಯುತ್ತಿದ್ದರು. ತಂಗಿ ಬಾಗಿ, ಕಿವಿಯ ಮೇಲಿನ ಹೂಗಳನ್ನು ಒಂದೊಂದಾಗಿ ಸರಿಸಿ, ಅಲ್ಲಿ ಬಾಯಿಟ್ಟು, "ಮೊಗ್ಗೆಲ್ಲ ಅರಳಿದೆ ಅಕ್ಕ, ಬೇಲಿ ತುಂಬ ಹೂವು," ಎಂದು ಹೇಳುತ್ತಲೇ ಇದ್ದಳು.